ಉತಾರದಲ್ಲಿ ಹೆಸರಿಲ್ಲದವರ ಮುಳುಗಡೆ

ಪ್ರಶ್ನೆ: ನಮ್ಮೂರು ಬೀಳಗಿ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿದೆ. ಆಲಮಟ್ಟಿ ಅಣೆಕಟ್ಟು ಎತ್ತರವಾದರೆ ಉಳಿದಿರುವ ಹೊಲಗಳೂ ಹೋಗುತ್ತವೆ. ನಮಗೆ ಸ್ವಂತ ಜಮೀನಿಲ್ಲ. ತಂದೆಯ ಕಾಲದಿಂದ ಪರರ ಹೊಲವನ್ನು ಪಾಲಿಗೆ ಮಾಡುತ್ತ ಬಂದಿದ್ದೇವೆ. ನದಿ ಎಲ್ಲರದೂ ಎನ್ನುವವರು ಮುಳುಗಡೆಯ ನಷ್ಟವನ್ನು ಮಾತ್ರ ಜಮೀನುದಾರರದೆಂದೇ ಏಕೆ ಎಣಿಸುತ್ತಾರೆ?

ಉತ್ತರ: ಎಣಿಕೆ ಉತಾರದಿಂದ, ಅಂದರೆ ಜಮೀನಿನ ಒಡೆಯರ ಹೆಸರಿರುವ ಪಹಣಿ ಪತ್ರದಿಂದ, ಶುರುವಾಗುವುದರಿಂದ. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಗಾಗಿ, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಕೊಡುವುದೆಂದು ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿತು. ಹಿಂದಿನ ಮುಳುಗಡೆಯಲ್ಲಿ ಅಲ್ಪ ಹಣಕ್ಕೆ ಹೊಲ ಬಿಟ್ಟು, ಹೆಚ್ಚಿನ ಪರಿಹಾರಕ್ಕಾಗಿ ಕೋರ್ಟು ಅಲೆದ ರೈತರನ್ನು ಬಲ್ಲವರು ಈ ಮೊತ್ತಕ್ಕೆ ಹೊಟ್ಟೆಕಿಚ್ಚು ಪಡಲಾರರು, ನಾನೂ ಪಡುವುದಿಲ್ಲ.

ಆದರೆ ಒಂದು ಎರೆಹೊಲದಲ್ಲಿ ಎಷ್ಟು ಮಂದಿಯ ಅನ್ನವಿದೆ ಎಂಬುದನ್ನು ಉತಾರ ಹೇಳುವುದಿಲ್ಲ. ಬಿಳಿಜೋಳದ ರಾಶಿಯಲ್ಲಿ ಪಾಲಿನವನ ಚೀಲಗಳಿರುತ್ತವೆ. ಬಡಿಗ, ಕಮ್ಮಾರರ ಕೆಲಸಕ್ಕೆ ಕಾಳಿನಲ್ಲೇ ಕೊಡುವ ಆಯ ಇರುತ್ತದೆ. ಕೊಯ್ಲಾದ ಮೇಲೆ ಮಡಿಲು ಕಟ್ಟಿಕೊಂಡು ಹಕ್ಕಲು ತೆನೆ ಆಯುವ ಹೆಣ್ಣುಮಕ್ಕಳು ಬರುತ್ತಾರೆ, ಅವರ ಹಿಂದೆಯೇ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬುವವರು ಬರುತ್ತಾರೆ. ಹಕ್ಕಲಿಗೆ ಯಾರೂ ರಸೀದಿ ಕೊಡುವುದಿಲ್ಲ. ನೆಲ, ನೀರು, ಹುಲ್ಲುಗಳನ್ನು ಅತಿ ಹತ್ತಿರದಿಂದ ನೆಚ್ಚಿ ಬದುಕುವವರ ಕೈಯಲ್ಲೇ ಕಾಗದ ಅತಿ ಕಡಿಮೆ. ಅವರಲ್ಲಿ ಬಹುಪಾಲು ದಲಿತರು, ಹಿಂದುಳಿದವರು, ಹೆಂಗಸರು ಎಂಬುದು ಆಕಸ್ಮಿಕವಲ್ಲ. ಪರಿಸರದ ಪ್ರಶ್ನೆಯನ್ನು ಸಮಾನತೆಯ ಪ್ರಶ್ನೆಯಿಂದ ಬೇರೆಮಾಡಿ ನೋಡಲು ನನಗೆ ಸಾಧ್ಯವಾಗದಿರುವುದು ಇದರಿಂದಲೇ.

ಕಾನೂನು ನಿಮ್ಮನ್ನು ಪೂರ್ತಿ ಮರೆತಿಲ್ಲ. 1894ರ ಹಳೆಯ ಭೂಸ್ವಾಧೀನ ಕಾಯ್ದೆಯು ಜಮೀನಿನಲ್ಲಿ ಹಕ್ಕುಳ್ಳವರನ್ನಷ್ಟೇ ನೋಡುತ್ತಿತ್ತು. 2013ರ ಭೂಸ್ವಾಧೀನ ಕಾಯ್ದೆಯು, ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು, ಅದರಿಂದಲೇ ಮುಖ್ಯವಾಗಿ ಬದುಕುತ್ತಿದ್ದ ಕೂಲಿಕಾರರು, ಗೇಣಿದಾರರು, ಪಾಲಿನವರು, ಕುಶಲಕರ್ಮಿಗಳ ಕುಟುಂಬಗಳನ್ನೂ ಬಾಧಿತ ಕುಟುಂಬಗಳೆಂದೇ ಕರೆಯುತ್ತದೆ. ನೀರಾವರಿ ಯೋಜನೆಗಳಲ್ಲಿ ಜಲಾಶಯದ ಮೀನುಗಾರಿಕೆಯ ಹಕ್ಕನ್ನು ಬಾಧಿತರಿಗೆ ಕೊಡಬಹುದೆಂದೂ ಅದರ ಎರಡನೆಯ ಅನುಸೂಚಿಯಲ್ಲಿದೆ. ಆದರೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಗಿರುವ ನೀರಾವರಿ ಯೋಜನೆಗಳಿಗೆ ಸಾಮಾಜಿಕ ಪರಿಣಾಮದ ಅಧ್ಯಯನ ಬೇಡವೆಂದು ಅದೇ ಕಾಯ್ದೆ ವಿನಾಯಿತಿ ಕೊಟ್ಟುಬಿಟ್ಟಿದೆ. ಇದ್ದಬದ್ದ ಜನರನ್ನೆಲ್ಲ ಒಕ್ಕಲೆಬ್ಬಿಸುವ ಯೋಜನೆಗೇ ಈ ರಿಯಾಯಿತಿ!

ಆದ್ದರಿಂದ ನಿಮಗೆ ಉಳಿಯುವ ದಾರಿ 2013ರ ಕಾಯ್ದೆಯ 16ನೆಯ ಕಲಂ. ಪ್ರಾಥಮಿಕ ಅಧಿಸೂಚನೆಯ ನಂತರ ಪುನರ್ವಸತಿ ಆಡಳಿತಾಧಿಕಾರಿ ನಡೆಸುವ ಗಣತಿಯಲ್ಲಿ, ಆ ಭೂಮಿಯನ್ನೇ ನೆಚ್ಚಿರುವ ಭೂರಹಿತರ ಜೀವನೋಪಾಯವನ್ನೂ ದಾಖಲಿಸಬೇಕು. ಕರಡು ಯೋಜನೆಯ ಮೇಲೆ ಬಹಿರಂಗ ವಿಚಾರಣೆ ನಡೆಸಬೇಕು. ಪಡಿತರ ಚೀಟಿ, ಉದ್ಯೋಗ ಖಾತ್ರಿ ಚೀಟಿ, ಮತದಾರರ ಪಟ್ಟಿಯ ಪ್ರತಿಗಳನ್ನು ಈಗಲೇ ಕೂಡಿಸಿಡಿ. ಪಾಲಿಗೆ ಕೊಟ್ಟಿದ್ದೇನೆಂದು ಮಾಲೀಕರು ಒಂದು ಸಾಲು ಬರೆದು ಸಹಿ ಹಾಕಿದರೆ ಅದಕ್ಕೂ ಬೆಲೆಯಿದೆ. ಉಳುವವನಿಗೆ ಭೂಮಿ ಹೋದೀತೆಂಬ ಹಳೆಯ ಅಂಜಿಕೆಯಿಂದ ಅನೇಕರು ಬರೆದುಕೊಡಲಾರರು; ಆಗ ನೆರೆಹೊಲದವರ ಹೇಳಿಕೆಗಳನ್ನು ಗಣತಿಯವರ ಮುಂದಿಡಿ.

ಪ್ರಶ್ನೆ: ಯಡಹಳ್ಳಿ ಚಿಂಕಾರ ಅಭಯಾರಣ್ಯದಲ್ಲಿ ಕುರಿ ಮೇಯಿಸಬಾರದೆನ್ನುತ್ತಾರೆ. ಪ್ರಾಣಿಗೆ ನ್ಯಾಯ ಸಿಗಲು ಕುರಿಗಾರನಿಗೆ ಅನ್ಯಾಯವಾಗಲೇಬೇಕೆ? (ಮುಧೋಳ ತಾಲ್ಲೂಕಿನ ಓದುಗರು)

ಉತ್ತರ: ಆಗಬೇಕಿಲ್ಲ. 2016ರಲ್ಲಿ ಘೋಷಣೆಯಾದ ಆ ಕುರುಚಲು ಕಾಡು ಜಿಂಕೆಯಂಥ ಪುಟ್ಟ ಪ್ರಾಣಿಯಾದ ಚಿಂಕಾರಕ್ಕೆ ಬೇಕೇ ಬೇಕು. ಹಿಂಡಿನ ಜೊತೆಗಿರುವ ನಾಯಿಗಳು ಅದರ ಮರಿಗಳಿಗೆ ಅಪಾಯವೆಂಬುದೂ ಸುಳ್ಳಲ್ಲ. ಆದರೆ ಕುರಿಗಾರನು ಕಾಡಿನ ಅಂಚಿಗೆ ಬಂದು ನಿಂತದ್ದು ಹೇಗೆ? ಬಯಲೆಲ್ಲ ಕಬ್ಬಾಯಿತು, ಊರಿನ ಗೋಮಾಳವಾದ ಗಾಯರಾಣ ಒತ್ತುವರಿಯಾಯಿತು, ಹೊಳೆದಂಡೆ ಹಿನ್ನೀರಿನಲ್ಲಿ ಹೋಯಿತು. ಇವುಗಳಿಂದ ಲಾಭ ಪಡೆದವರನ್ನು ಯಾರೂ ತಡೆಯದೆ, ಕೊನೆಯಲ್ಲಿ ಬಂದವನ ಕೋಲನ್ನಷ್ಟೇ ಹಿಡಿದರೆ ಅದನ್ನು ಸಂರಕ್ಷಣೆಯೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆಯು ಅಲೆಮಾರಿ ಪಶುಪಾಲಕರ ಹಂಗಾಮಿನ ಮೇವಿನ ಹಕ್ಕನ್ನು ಒಪ್ಪುತ್ತದೆ, ಅಭಯಾರಣ್ಯಗಳಿಗೂ ಅನ್ವಯಿಸುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನು ನೆಚ್ಚಿದ್ದರೆಂದು ತೋರಿಸಬೇಕು. ಕುರಿಯ ಹಿಂದೆ ಊರೂರು ಅಲೆದವರಿಗೆ ಇದೂ ಕಾಗದದ ತೊಡಕೇ. ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ನಿಯಮಗಳು ಒಪ್ಪುವುದರಿಂದ, ಯಾವ ತಿಂಗಳು ಯಾವ ದಾರಿಯಲ್ಲಿ ಹಿಂಡು ಹೋಗುತ್ತಿತ್ತೆಂಬುದನ್ನು ಅವರಿಂದ ಹೇಳಿಸಿ ಗ್ರಾಮಸಭೆಯ ನಡವಳಿಯಲ್ಲಿ ಬರೆಸಿರಿ. ನಾಯಿಗಳನ್ನು ಕಟ್ಟಿಹಾಕುವ ಕರಾರನ್ನೂ ಅದರಲ್ಲೇ ಸೇರಿಸಿರಿ.