ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ: ವಸಡಿನ ರಕ್ತ, ಬಾಯಿಯ ಬಿಳಿ ಮಚ್ಚೆ ಮತ್ತು ಕ್ಯಾನ್ಸರ್

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ, ಒಕ್ಕಲುತನ ಮಾಡುತ್ತಾರೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ, ಎರಡು ಹಲ್ಲುಗಳು ಅಲುಗಾಡುತ್ತಿವೆ. ಎಲೆ, ಅಡಿಕೆ, ತಂಬಾಕು ಜಗಿಯುವ ರೂಢಿ ಚಿಕ್ಕ ವಯಸ್ಸಿನಿಂದ ಇದೆ. ವಸಡಿನ ರೋಗದಿಂದ ಕ್ಯಾನ್ಸರ್ ಬರುತ್ತದೆಂದು ಮೊಬೈಲಿನಲ್ಲಿ ಕೇಳಿದ ಮೇಲೆ ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಒಪ್ಪಿದ್ದಾರೆ, ತಂಬಾಕು ಬಿಡಲು ಮಾತ್ರ ಒಪ್ಪುತ್ತಿಲ್ಲ. ಹಲ್ಲು ಸ್ವಚ್ಛವಾದರೆ ಅಪಾಯ ತಪ್ಪುತ್ತದೆಯೇ?
– ಓದುಗರೊಬ್ಬರು, ಆಳಂದ

ಉತ್ತರ: ತಪ್ಪುವುದಿಲ್ಲ. ಆದರೂ ಹಲ್ಲು ಕ್ಲೀನ್ ಮಾಡಿಸಲು ಅವರು ಒಪ್ಪಿರುವುದು ಒಳ್ಳೆಯದೇ. ಆ ನೆಪದಲ್ಲಾದರೂ ಒಬ್ಬ ವೈದ್ಯರು ಅವರ ಬಾಯಿಯನ್ನು ಬೆಳಕಿನಲ್ಲಿ ಪೂರ್ತಿಯಾಗಿ ನೋಡುವಂತಾಗಲಿ.

ಮೊಬೈಲಿನಲ್ಲಿ ಕೇಳಿದ ಮಾತು ಪೂರ್ತಿ ಸುಳ್ಳಲ್ಲ. ವಸಡಿನ ಹಳೆಯ ಸೋಂಕಿನಲ್ಲಿ ಪೋರ್ಫಿರೋಮೋನಾಸ್, ಫ್ಯೂಸೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಗಳು ಹೆಚ್ಚಾಗುತ್ತವೆ. ಇವುಗಳಿಂದ ಊತ ವರ್ಷಗಟ್ಟಲೆ ಆರದೆ ಉಳಿಯುತ್ತದೆ ಮತ್ತು ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳೊಳಗೂ ಸಿಕ್ಕಿದೆ. ಬಾಯಿಯ ಕೆಲವು ಬ್ಯಾಕ್ಟೀರಿಯಾಗಳು ಮದ್ಯವನ್ನು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ ಮಾರ್ಪಡಿಸುತ್ತವೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ದಿನವೂ ಹಲ್ಲುಜ್ಜುವವರು, ವರ್ಷಕ್ಕೊಮ್ಮೆ ದಂತವೈದ್ಯರನ್ನು ಕಾಣುವವರು ಹಾಗೂ ಹೆಚ್ಚು ಹಲ್ಲು ಕಳೆದುಕೊಳ್ಳದವರಲ್ಲಿ ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರ್ ಅಪಾಯ ಸ್ವಲ್ಪ ಕಡಿಮೆ ಕಂಡುಬಂದಿತು. ಇಲ್ಲಿ 'ಸ್ವಲ್ಪ' ಎಂಬುದನ್ನು ಮರೆಯಬಾರದು. ತಂಬಾಕು ಬಳಸುವವರಲ್ಲಿಯೇ ವಸಡಿನ ರೋಗವೂ ಹೆಚ್ಚಾದ್ದರಿಂದ, ಯಾವುದರ ಪಾಲು ಎಷ್ಟೆಂದು ಬೇರ್ಪಡಿಸುವುದು ಸಂಶೋಧಕರಿಗೂ ಸುಲಭವಲ್ಲ.

ತಂಬಾಕು ಮತ್ತು ಅಡಿಕೆಯ ವಿಷಯದಲ್ಲಿ ಇಂತಹ ಅನುಮಾನಕ್ಕೆ ಎಡೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಸೇರಿದ ಎಲೆ-ಅಡಿಕೆ ಕ್ಯಾನ್ಸರ್‌ಕಾರಕವೆಂದು 1985ರಲ್ಲಿಯೇ ಹೇಳಿತ್ತು. 2004ರ ವರದಿಯಲ್ಲಿ ತಂಬಾಕಿಲ್ಲದ ಎಲೆ-ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಅದೇ ಗುಂಪಿಗೆ ಸೇರಿಸಿತು. ನಮ್ಮ ದೇಶದಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೆನ್ನೆಯ ಒಳಬದಿ ಮತ್ತು ಕೆಳವಸಡಿನ ನಡುವಿನ ಸಂದಿಯಲ್ಲಿ, ಅಂದರೆ ಜಗಿದ ತಂಬಾಕನ್ನು ಗಂಟೆಗಟ್ಟಲೆ ಒತ್ತಿ ಇಟ್ಟುಕೊಳ್ಳುವ ಜಾಗದಲ್ಲಿಯೇ. ನಿಮ್ಮ ತಂದೆಯವರು ಯಾವ ಕಡೆಗೆ ಇಟ್ಟುಕೊಳ್ಳುತ್ತಾರೆ ಎಂದು ಕೇಳಿ, ಆ ಕಡೆಯ ಕೆನ್ನೆಯನ್ನು ಹಗಲು ಬೆಳಕಿನಲ್ಲಿ ಬೆರಳಿನಿಂದ ಸರಿಸಿ ನೋಡಿರಿ. ಬಿಳಿ ಅಥವಾ ಕೆಂಪು ಮಚ್ಚೆ, ಒರಟಾದ ಚರ್ಮ, ಗಟ್ಟಿ ಅಂಚಿನ ಹುಣ್ಣು ಕಂಡರೆ ತಡಮಾಡಬೇಡಿರಿ.

ಅಲುಗಾಡುವ ಹಲ್ಲುಗಳ ಬಗ್ಗೆಯೂ ಒಂದು ಮಾತು. ವಸಡಿನ ರೋಗದಲ್ಲಿ ಹಲ್ಲುಗಳು ಸಾಮಾನ್ಯವಾಗಿ ನಿಧಾನವಾಗಿ, ಅಲ್ಲಲ್ಲಿ ಸಡಿಲಗೊಳ್ಳುತ್ತವೆ. ಒಂದೇ ಜಾಗದ ಹಲ್ಲುಗಳು ಕೆಲವೇ ವಾರಗಳಲ್ಲಿ ಸಡಿಲಗೊಂಡರೆ, ಅಥವಾ ಹಲ್ಲು ಕಿತ್ತ ಗಾಯ ಮಾಯದೆ ಮಾಂಸ ಬೆಳೆಯತೊಡಗಿದರೆ, ಕೆಳಗಿನ ಎಲುಬಿಗೆ ಗಡ್ಡೆ ತಗುಲಿರಬಹುದು. ಹಲ್ಲು ಕೀಳಿಸಿದ್ದರಿಂದಲೇ ಕ್ಯಾನ್ಸರ್ ಬಂತು ಎಂಬ ಮಾತು ಹುಟ್ಟುವುದು ಇಂತಹ ಪ್ರಸಂಗಗಳಿಂದಲೇ. ನಿಜದಲ್ಲಿ ರೋಗ ಮೊದಲೇ ಇದ್ದು, ಹಲ್ಲು ಅದರಿಂದ ಸಡಿಲಗೊಂಡಿರುತ್ತದೆ.

ಪ್ರಶ್ನೆ: ನನ್ನ ತಾಯಿ ಬೆಳಿಗ್ಗೆ ಮಿಶ್ರಿಯಿಂದಲೇ ಹಲ್ಲು ತಿಕ್ಕುತ್ತಾರೆ. ಅದರಿಂದ ವಸಡು ಗಟ್ಟಿಯಾಗುತ್ತದೆ ಎನ್ನುತ್ತಾರೆ. ಕೆಳತುಟಿಯ ಒಳಗೆ ಬಿಳಿ ಮಚ್ಚೆ ಇದೆ, ನೋವಿಲ್ಲ.
– ಓದುಗರೊಬ್ಬರು, ಹುಮನಾಬಾದ್

ಉತ್ತರ: ಮಿಶ್ರಿ ಎಂಬುದು ಸುಟ್ಟು ಪುಡಿ ಮಾಡಿದ ತಂಬಾಕು. ಅದರಲ್ಲಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ವಸಡಿನ ರಕ್ತ ಕಡಿಮೆಯಾದಂತೆ ಕಾಣುತ್ತದೆ, ರೋಗ ಒಳಗೇ ಬೆಳೆಯುತ್ತದೆ. ಹಲ್ಲಿನ ಪುಡಿಯ ಹೆಸರಿನಲ್ಲಿ ಬಾಯಿಗೆ ಬರುವ ತಂಬಾಕನ್ನು ಮನೆಯಲ್ಲಿ ಯಾರೂ ಚಟವೆಂದು ಎಣಿಸುವುದಿಲ್ಲ. ವೈದ್ಯರು ತಂಬಾಕು ತಿನ್ನುತ್ತೀರಾ ಎಂದು ಕೇಳಿದರೆ ತಾಯಂದಿರು ಇಲ್ಲವೆಂದೇ ಹೇಳುತ್ತಾರೆ, ಅದು ಅವರ ಮಟ್ಟಿಗೆ ಸುಳ್ಳೂ ಅಲ್ಲ. ಆದ್ದರಿಂದ ಪರೀಕ್ಷೆಯ ಸಮಯದಲ್ಲಿ ಮಿಶ್ರಿಯ ಹೆಸರನ್ನು ನೀವೇ ಹೇಳಿರಿ.

ಮಚ್ಚೆಯನ್ನು ಬಟ್ಟೆಯಿಂದ ಒರೆಸಿದರೂ ಹೋಗದಿದ್ದರೆ ಅದು ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ, ಆಗಿರಬಹುದು. ಇಂತಹ ಎಲ್ಲ ಮಚ್ಚೆಗಳೂ ಕ್ಯಾನ್ಸರ್ ಆಗುವುದಿಲ್ಲ, ತಂಬಾಕು ಬಿಟ್ಟ ಮೇಲೆ ಕೆಲವು ತಾವಾಗಿಯೇ ಕರಗುತ್ತವೆ. ನಡುವೆ ಕೆಂಪು ಬಣ್ಣ ಬೆರೆತರೆ ಅಪಾಯ ಹೆಚ್ಚು. ನೋವಿಲ್ಲ ಎಂಬುದು ಸಮಾಧಾನದ ಸಂಗತಿಯಲ್ಲ, ಏಕೆಂದರೆ ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಬಹಳ ಸಲ ನೋಯುವುದೇ ಇಲ್ಲ.

ಪ್ರಶ್ನೆ: ವಯಸ್ಸು 26, ಟಂಟಂ ಓಡಿಸುತ್ತೇನೆ. ಗುಟ್ಕಾ ಬಿಟ್ಟಿದ್ದೇನೆ, ಈಗ ತಂಬಾಕಿಲ್ಲದ ಪಾನ್ ಮಸಾಲಾ ಮಾತ್ರ. ಊಟಕ್ಕೆ ಕೂತರೆ ಖಾರ ತಡೆಯಲಾಗುತ್ತಿಲ್ಲ, ರೊಟ್ಟಿಯ ತುತ್ತು ಇಡುವಷ್ಟೂ ಬಾಯಿ ಅಗಲವಾಗುತ್ತಿಲ್ಲ.
– ಓದುಗರೊಬ್ಬರು, ಶಹಾಪುರ

ಉತ್ತರ: ನೀವು ಬರೆದ ಲಕ್ಷಣಗಳು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಯವು, ಮತ್ತು ಅದಕ್ಕೆ ಮುಖ್ಯ ಕಾರಣ ತಂಬಾಕಲ್ಲ, ಅಡಿಕೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಯುವಂತೆ ಮಾಡುತ್ತದೆ. ಕೆನ್ನೆ ಬಿಳಿಚಿಕೊಂಡು ಬಿಗಿಯುತ್ತದೆ, ಕೊನೆಗೆ ಹಲ್ಲುಜ್ಜಲು ಬ್ರಷ್ ಸಹ ಒಳಗೆ ಹೋಗುವುದಿಲ್ಲ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿರಿ. ಹಿಡಿಯದಿದ್ದರೆ ಬಾಯಿ ಕಿರಿದಾಗಿದೆ ಎಂದೇ ಅರ್ಥ.

ತಂಬಾಕಿಲ್ಲ ಎಂಬ ಮಾತು ಪೊಟ್ಟಣದ ಮೇಲೆ ಎಷ್ಟು ದೊಡ್ಡದಾಗಿ ಇದ್ದರೂ ಒಳಗಿರುವುದು ಅಡಿಕೆಯೇ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಜೋಡಿಯಾಗಿ ಮಾರಾಟವಾಗುತ್ತಿರುವುದನ್ನು ಯಾವ ಪಾನ್‌ಶಾಪಿನ ಮುಂದೆ ನಿಂತರೂ ನೋಡಬಹುದು; ಇದನ್ನು ನಿಷೇಧ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಈ ಕಾಯಿಲೆ ಬಂದವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಬೆಳೆದ ನಾರು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲವಾದರೂ, ಅಡಿಕೆಯನ್ನು ಇಂದೇ ನಿಲ್ಲಿಸಿ, ಬಾಯಿ ತೆರೆಯುವ ವ್ಯಾಯಾಮ, ಔಷಧಿ ಮತ್ತು ಇಂಜೆಕ್ಷನ್ ಆರಂಭಿಸಿದರೆ ಉರಿ ತಗ್ಗುತ್ತದೆ, ಬಿಗಿತ ಹೆಚ್ಚುವುದು ನಿಲ್ಲಬಹುದು. ಬಿಡಲು ಕಷ್ಟವಾದರೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿರಿ, ಇದು ಉಚಿತ. ಎಷ್ಟೇ ಗುಣವಾದರೂ ಕೆಲವು ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸಬೇಡಿರಿ.

ಪ್ರಶ್ನೆ: ಬೋರ್‌ವೆಲ್ ನೀರಿನಿಂದ ನಮ್ಮೂರ ಮಕ್ಕಳ ಹಲ್ಲು ಕಂದಾಗಿವೆ. ಇದೂ ಕ್ಯಾನ್ಸರಿನ ಲಕ್ಷಣವೇ?
– ಓದುಗರೊಬ್ಬರು, ಯಾದಗಿರಿ ತಾಲ್ಲೂಕು

ಉತ್ತರ: ಅಲ್ಲ. ಹಲ್ಲು ಮೂಡುವ ವಯಸ್ಸಿನಲ್ಲಿ ನೀರಿನ ಫ್ಲೋರೈಡ್ ಹೆಚ್ಚಾದಾಗ ಇಂತಹ ಕಲೆ ಬೀಳುತ್ತದೆ. ನೀರನ್ನು ಪರೀಕ್ಷೆ ಮಾಡಿಸಿ, ಮಕ್ಕಳಿಗೆ ಶುದ್ಧೀಕರಿಸಿದ ನೀರು ಕೊಡಿರಿ.

ಪ್ರಶ್ನೆ: ಅಣ್ಣನ ನಾಲಿಗೆಯ ಅಂಚಿನಲ್ಲಿ ಒಂದು ತಿಂಗಳಿಂದ ಹುಣ್ಣಿದೆ, ಅಲ್ಲಿಯೇ ಒಂದು ಚೂಪು ಹಲ್ಲೂ ಇದೆ. ವೈದ್ಯರು ಚೂರು ತೆಗೆದು ಪರೀಕ್ಷಿಸಬೇಕೆಂದಿದ್ದಾರೆ. ಕತ್ತರಿ ತಾಗಿದರೆ ಹರಡುತ್ತದೆ ಎಂದು ಮನೆಯ ಹಿರಿಯರು ತಡೆಯುತ್ತಿದ್ದಾರೆ.
– ಓದುಗರೊಬ್ಬರು, ಚಿತ್ತಾಪುರ

ಉತ್ತರ: ಹರಡುವುದಿಲ್ಲ. ಹರಡುವುದು ಪರೀಕ್ಷೆ ಮಾಡಿಸದೆ ಕಳೆದ ತಿಂಗಳುಗಳಲ್ಲಿ. ಚೂಪು ಹಲ್ಲಿನ ಉಜ್ಜುವಿಕೆಯಿಂದಾದ ಹುಣ್ಣು ಹಲ್ಲನ್ನು ನಯ ಮಾಡಿದ ಎರಡು ವಾರಗಳಲ್ಲಿ ಮಾಯಬೇಕು; ಮಾಯದ ಹುಣ್ಣಿನ ಚೂರನ್ನು ಪರೀಕ್ಷಿಸದೆ ಅದು ಏನೆಂದು ಹೇಳಲು ಬೇರೆ ದಾರಿಯಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ಅಧ್ಯಯನದಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರ ಪೈಕಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದದ್ದು 2005ರಲ್ಲಿ ಪ್ರಕಟವಾಯಿತು. ಬೇಗ ನೋಡಿದ್ದರಿಂದಲೇ ಆದ ಲಾಭವಿದು.

ಚಿತ್ತಾಪುರದಿಂದ ಕಲಬುರಗಿ ದೂರವಲ್ಲ. ಸರ್ಕಾರಿ ಜಿಮ್ಸ್ ಆಸ್ಪತ್ರೆಯಿದೆ, ನಗರದ ದಂತವೈದ್ಯ ಕಾಲೇಜುಗಳಿವೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಪ್ರಾದೇಶಿಕ ಕೇಂದ್ರವಿದೆ. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಾಗಿ ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗೆ ಒಯ್ಯಿರಿ. ಒಂದು ವೇಳೆ ಕ್ಯಾನ್ಸರ್ ಎಂದು ತಿಳಿದು ರೇಡಿಯೇಷನ್ ಕೊಡಬೇಕಾದರೆ, ಕೆಟ್ಟ ಹಲ್ಲುಗಳನ್ನು ಅದಕ್ಕೆ ಮೊದಲೇ ಕೀಳಿಸಿ ಗಾಯ ಮಾಯಲು ಎರಡು ವಾರವಾದರೂ ಬಿಡಬೇಕಾಗುತ್ತದೆ. ರೇಡಿಯೇಷನ್ ಆದ ಮೇಲೆ ಹಲ್ಲು ಕಿತ್ತರೆ ದವಡೆಯ ಎಲುಬು ಮಾಯದೆ ಕೊಳೆಯುವ ಅಪಾಯವಿದೆ. ಆದ್ದರಿಂದ ಕ್ಯಾನ್ಸರ್ ವೈದ್ಯರನ್ನು ಕಾಣುವ ವಾರದಲ್ಲಿಯೇ ದಂತವೈದ್ಯರನ್ನೂ ಕಾಣಿರಿ.