ವಾಹನ ಪ್ರಶ್ನೋತ್ತರ: ತೋಟದ ಪಿಕಪ್‌ಗೆ ಯಾವ ಲೈಸೆನ್ಸ್, ಎಷ್ಟು ಲೋಡು?

ಪ್ರಶ್ನೆ: ಕಾಫಿ, ಮೆಣಸು ಸಾಗಿಸಲು ಹಳದಿ ಬೋರ್ಡಿನ ಪಿಕಪ್ ಕೊಂಡಿದ್ದೇವೆ. ಡ್ರೈವರ್ ಬಳಿ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಮಾತ್ರ ಇದೆ. ಓಡಿಸಬಹುದೇ? ಎಷ್ಟು ಲೋಡ್ ಹಾಕಬಹುದು?
– ಓದುಗರು, ಸಕಲೇಶಪುರ

ಉತ್ತರ: ಓಡಿಸಬಹುದು. ಸರಕು ಗಾಡಿಯ ಒಟ್ಟು ತೂಕ 7,500 ಕೆ.ಜಿ. ಮೀರದಿದ್ದರೆ 1988ರ ಮೋಟಾರು ವಾಹನ ಕಾಯ್ದೆ ಅದನ್ನು ಲಘು ವಾಹನವೆಂದೇ ಕರೆಯುತ್ತದೆ. ಇದಕ್ಕೆ ಎಲ್‌ಎಂವಿ ಲೈಸೆನ್ಸ್ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಗ್ಯಾಸ್, ಪೆಟ್ರೋಲ್‌ನಂಥ ಅಪಾಯಕಾರಿ ಸರಕಿನ ಗಾಡಿಗೆ ಮಾತ್ರ ಇದು ಸಾಲದು.

ಲೋಡಿನ ಲೆಕ್ಕಕ್ಕೆ ಆರ್‌ಸಿ ನೋಡಿ. ‘ಅನ್‌ಲೇಡನ್ ವೇಟ್’ ಖಾಲಿ ಗಾಡಿಯ ತೂಕ. ‘ಗ್ರಾಸ್ ವೆಹಿಕಲ್ ವೇಟ್’ ಗಾಡಿ, ಸರಕು, ಜನ ಎಲ್ಲ ಸೇರಿ ಮೀರಬಾರದ ತೂಕ. ಉದಾಹರಣೆಗೆ 2,950ರಲ್ಲಿ 1,650 ಕಳೆದರೆ 1,300 ಕೆ.ಜಿ. ಇಬ್ಬರು ಕೂತರೆ ಸುಮಾರು 150 ಹೋಯಿತು. ಉಳಿದ 1,150ಕ್ಕೆ 50 ಕೆ.ಜಿ.ಯ 23 ಚೀಲ, ಅಷ್ಟೇ. ಜಾಗ ಇದೆಯೆಂದು ಹಲವರು ಇನ್ನೂ ಹತ್ತು ಚೀಲ ಏರಿಸುತ್ತಾರೆ, ದಯವಿಟ್ಟು ಬೇಡ. ಸಿಕ್ಕಿಬಿದ್ದರೆ ಕಾಯ್ದೆಯಂತೆ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ಮತ್ತೆ 2,000.

ದಂಡಕ್ಕಿಂತ ದೊಡ್ಡ ಅಪಾಯ ಶಿರಾಡಿ ಘಾಟಿಯ ಇಳಿಜಾರಿನಲ್ಲಿದೆ. ಭಾರ ಹೆಚ್ಚಾದಷ್ಟೂ ಬ್ರೇಕ್ ಲೈನರ್ ಕಾಯುತ್ತದೆ, ಪೆಡಲ್ ಒತ್ತಿದರೂ ಹಿಡಿತ ಸಿಗುವುದಿಲ್ಲ. ಇಳಿಯುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಹಾಕಿ, ನ್ಯೂಟ್ರಲ್‌ನಲ್ಲಿ ಬಿಡಲೇಬೇಡಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಎರಚಿದರೆ ಬಿರುಕು ಬಿಡಬಹುದು.