ಏಪ್ರಿಲ್‌ನಲ್ಲಿ ಶಿವನಸಮುದ್ರ ಬೇಡ

ಅಮ್ಮನನ್ನು ಕರ್ಕೊಂಡು ಏಪ್ರಿಲ್‌ನಲ್ಲಿ ಬೆಂಗಳೂರಿಂದ ಶಿವನಸಮುದ್ರಕ್ಕೆ ಒಂದು ದಿನ ಹೋಗಿಬರಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಆಗಸ್ಟ್‌ವರೆಗೆ ಕಾಯಿರಿ. ಬೇಸಿಗೆಯಲ್ಲಿ ಇರೋ ಚೂರು ನೀರೂ ಕಾಲುವೆ ಹಿಡಿದು ಪವರ್‌ಹೌಸಿಗೆ ಹೋಗುತ್ತೆ, ಗಗನಚುಕ್ಕಿ ಜಲಪಾತದಲ್ಲಿ ಬರೀ ಬಂಡೆ ಕಾಣುತ್ತೆ. ಹಾಗಂತ ಪವರ್‌ಹೌಸನ್ನು ಬೈಯಬೇಡಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು ಇಲ್ಲಿಂದ, 1905ರಲ್ಲಿ ನಮ್ಮ ಬೆಂಗಳೂರಿನ ಬೀದಿದೀಪ ಹೊತ್ತಿದ್ದೂ ಇದರಿಂದಲೇ.

ಇನ್ನೊಂದು ಜಲಪಾತ ಭರಚುಕ್ಕಿಯಲ್ಲಿ ಮೆಟ್ಟಿಲು ಜಾಸ್ತಿ, ಅಮ್ಮನಿಗೆ ಮೇಲಿನಿಂದಲೇ ತೋರಿಸಿ. ಹಳೆ ಕಲ್ಲು ಸೇತುವೆ ಮಾತ್ರ ತಪ್ಪಿಸಬೇಡಿ. ಸಾಲು ಸಾಲು ಕಲ್ಲುಕಂಬ, ಸಂದಿಯಲ್ಲಿ ನುಗ್ಗೋ ಕೆಂಪು ನೀರು. 2018ರ ನೆರೆಯಲ್ಲಿ ಒಂದು ಭಾಗ ಕೊಚ್ಚಿಹೋಯ್ತು, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಅದರ ಮೇಲೆ ಹತ್ತಬೇಡಿ, ದೂರದಿಂದ ನೋಡಿ. ಅಲ್ಲಿನ ರಂಗನಾಥನ ಗುಡಿಯಲ್ಲಿ ಮಧ್ಯರಂಗನ ದರ್ಶನ ಬೆಳಿಗ್ಗೆಯೇ ಮುಗಿಸಿ.